ನೆಂಟರಿಗೆ ತೋರಿಸಿದ ನೀರು

ಉದಗೀರ
ಆಗಸ್ಟ್ ೪, ಶ್ರಾವಣ ಸೋಮವಾರ

ನನ್ನ ಬಂಗಾರದಂಥ ಸ್ವಪ್ನಾಲಿಗೆ, ನಿನ್ನ ಅವ್ವ ಶಿವಕಾಂತಾಳ ಆಶೀರ್ವಾದ.

'ಇಲ್ಲಿ ನಾವೆಲ್ಲ ಕ್ಷೇಮ, ಅಲ್ಲಿ ನಿನ್ನ ಕ್ಷೇಮಕ್ಕೆ ಬರೆಯುತ್ತಿರು' ಎಂದು ಶುರುಮಾಡಿ ಎರಡು ಹಾಳೆ ಹರಿದು ಹಾಕಿದೆ. ನನ್ನ ತವರು ಭಾಲ್ಕಿಯ ಶಾಲೆಯಲ್ಲಿ ಮಾಸ್ತರರು ಕಲಿಸಿದ ಸಾಲು ಅದು. ಪತ್ರವೆಂದರೆ ಸಾಕು, ಕೈ ತಾನಾಗಿ ಅದನ್ನೇ ಬರೆಯುತ್ತದೆ. ಈ ಸಲ ಅದು ಬೇಡ ಅಂದುಕೊಂಡಿದ್ದೇನೆ.

ಬರೆಯಲು ಇಷ್ಟು ತಡವಾಯಿತು, ಸಿಟ್ಟು ಮಾಡಿಕೊಳ್ಳಬೇಡ. ಯುಗಾದಿಯ ಮರುದಿನ ನೀನು ಫೋನು ಇಟ್ಟ ಮೇಲೆ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ. ನೀನು 'ಹೇಗಿದ್ದೀ ಅವ್ವಾ' ಅನ್ನುತ್ತೀ, ನಾನು 'ಆರಾಮ' ಅನ್ನುತ್ತೇನೆ, ನೀನು 'ಊಟ ಆಯ್ತಾ' ಅನ್ನುತ್ತೀ, ಮುಗಿಯಿತು. ಫೋನಿನಲ್ಲಿ ಮನಸ್ಸು ಬಿಚ್ಚೋಣವೆಂದರೆ ನಮ್ಮ ಓಣಿಯ ಗೋಡೆಗಳಿಗೆಲ್ಲ ಕಿವಿ. ಮರಾಠಿಯಲ್ಲಿ ಬರೆದರೆ ನಿನ್ನ ಅಪ್ಪ, ಅಣ್ಣ ಇಬ್ಬರೂ ಓದಿಬಿಡುತ್ತಾರೆ. ಈ ಮನೆಯಲ್ಲಿ ಕನ್ನಡ ಮಾತಾಡುವವರು ಎಲ್ಲರೂ. ಬರೆಯಲು ಬರುವವರು ನಾವಿಬ್ಬರೇ. ನಿನಗೆ ಪಾಟಿಯ ಮೇಲೆ ಅಕ್ಷರ ತಿದ್ದಿಸುವಾಗ ನಿನ್ನ ಅಜ್ಜಿ, "ಇದ್ ಕಲ್ತು ಯಾವ ರಾಜ್ಯ ಆಳ್ತದ ನಿನ್ ಮಗಳು?" ಎಂದು ನಗುತ್ತಿದ್ದರು. ರಾಜ್ಯ ಆಳದಿದ್ದರೂ ಇವತ್ತಿನ ಕೆಲಸಕ್ಕೆ ಬಂತು.

ಮೊದಲು ಊರ ಸುದ್ದಿ. ಮಳೆ ಈ ವರ್ಷ ಕೈ ಕೊಟ್ಟಿಲ್ಲ, ಸೋಯಾಬೀನ್ ಮೊಣಕಾಲೆತ್ತರ ಬಂದಿದೆ. ನಿನ್ನ ಅಪ್ಪ ದಿನಾ ಕಾಳಿನ ಅಡತಿ ಅಂಗಡಿಗೆ ಹೋಗುತ್ತಾರೆ, ಬಂದ ಮೇಲೆ ಮೊಣಕಾಲು ಹಿಡಿದುಕೊಂಡು ನನ್ನನ್ನೇ ಬೈಯುತ್ತಾರೆ. ಚೌಕದಲ್ಲಿ ಒಂದು ದೊಡ್ಡ ಫಲಕ ಹಾಕಿದ್ದಾರೆ: ನಮ್ಮದು ಬಾಳಿಕೆ ಬರುವ ನಗರವಂತೆ, ಸುಸ್ಥಿರ ನಗರವಂತೆ, ಇಷ್ಟು ಅಂಕ ಬಂದಿವೆಯಂತೆ. ಕೆಳಗೆ ನಿನ್ನ ಸಂಸ್ಥೆಯ ಮುದ್ರೆ. ಪಕ್ಕದ ಮನೆಯ ಪ್ರಯಾಗಬಾಯಿ ಮಾರ್ಕೆಟ್ಟಿಗೆ ಹೋಗುವಾಗೆಲ್ಲ ಅದಕ್ಕೆ ಕೈ ಮುಗಿಯುತ್ತಾಳೆ. ಯಾರಾದರೂ 'ಮಗಳು ಪುಣೆಯಲ್ಲಿ ಏನು ಮಾಡುತ್ತಾಳೆ' ಎಂದು ಕೇಳಿದರೆ ನಾನು, 'ಊರು ಮುಂದೆ ಬಾಳುತ್ತದೋ ಇಲ್ಲವೋ ನೋಡಿ ಅಂಕ ಕೊಡುತ್ತಾಳೆ, ಜಾತಕ ನೋಡಿದ ಹಾಗೆ' ಎನ್ನುತ್ತಿದ್ದೆ. ಈಗ ಹಾಗೆನ್ನಲು ಬಾಯಿ ಬರುವುದಿಲ್ಲ.

ಇನ್ನು ಮುಂದಿನದರಲ್ಲಿ ನಿನಗೆ ಗೊತ್ತಿರುವುದೂ ಇದೆ. ಆದರೂ ಮೊದಲಿನಿಂದ ಬರೆಯುತ್ತೇನೆ. ಬೇಕಾದರೆ ಇದನ್ನು ಮರಾಠಿ ಮಾಡಿ ನಿನ್ನ ಸಾಹೇಬರಿಗೆ ಓದಿ ಹೇಳು.

ನಮ್ಮ ಓಣಿ ಕೋಟೆಯ ಕಡೆಯ ಏರಿನ ಮೇಲಿದೆ, ನೀರಿನ ಕೊಳವೆಯ ತುದಿಯಲ್ಲಿ. ನೀರು ಬಿಟ್ಟ ದಿನ ಕೆಳಗಿನವರ ಮನೆಗಳೆಲ್ಲ ತುಂಬಿ, ಮಿಕ್ಕಿದ್ದು ಏದುಸಿರು ಬಿಡುತ್ತ ನಮ್ಮವರೆಗೆ ಬಂದರೆ ಬಂತು, ಇಲ್ಲದಿದ್ದರೆ ನಳದಲ್ಲಿ ಗಾಳಿ. ಇದನ್ನು ಹೊರಗಿನವರ ಮುಂದೆ ಹೇಳಬಾರದೆಂಬುದು ಓಣಿಯ ಕಟ್ಟಳೆ. ಯಾಕೆಂದರೆ ನೀರಿಲ್ಲದ ಮನೆಗೆ ಹೆಣ್ಣು ಕೊಡುವವರು ಯಾರು? ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಾರೆಂದರೆ ಹಿಂದಿನ ಸಂಜೆ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಕೊಡ ಹೊತ್ತುಕೊಂಡು ಹೋಗಿ ಆ ಮನೆಯ ಟಾಕಿ ತುಂಬಿಸುವುದು. ನೆಂಟರು ಮುಚ್ಚಳ ಎತ್ತಿ ನೋಡಿ ಸಂತೋಷಪಟ್ಟು ಹೋದ ಮೇಲೆ, ಯಾರ ನೀರು ಅವರಿಗೆ ಅದೇ ಕೊಡದಲ್ಲಿ ಅಳೆದು ವಾಪಸು. ನೀನು ಲಂಗ ಹಾಕುವ ವಯಸ್ಸಿನಲ್ಲಿ ಚಿಕ್ಕ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಎಷ್ಟು ಮನೆಗಳಿಗೆ ಹೊತ್ತಿಲ್ಲ? 'ಇದು ಮೋಸ ಅಲ್ಲೇನವ್ವಾ' ಎಂದು ನೀನು ಒಮ್ಮೆ ಕೇಳಿದ್ದೆ. 'ಇದು ಮರ್ಯಾದೆ' ಎಂದಿದ್ದೆ ನಾನು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗಾದೆ ಹೇಳಿಕೊಡುತ್ತಿದ್ದವಳೂ ನಾನೇ.

ನಿನ್ನ ಅಣ್ಣ ಶೈಲೇಶನಿಗೆ ಹೆಣ್ಣು ಗೊತ್ತಾದಾಗಲೂ ಹಾಗೆಯೇ ಆಯಿತು. ಯೋಗಿತಾಳ ತಂದೆ ಬಸವೇಶ್ವರಪ್ಪ ತಮ್ಮೂರು ದಾಳಿಂಬದಿಂದ ಬಂದು, ಕಾಲು ತೊಳೆದು, ಟಾಕಿಯ ಮುಚ್ಚಳ ಎತ್ತಿ ಒಳಗೆ ತೋಳು ಇಳಿಬಿಟ್ಟು ನೋಡಿದರು. "ಕಿಲ್ಲೆ ಕಡಿ ನೀರ್ ಏರಂಗಿಲ್ಲ ಅಂತ ಮಂದಿ ಅಂತಿದ್ರು. ಸುಳ್ಳ್ ಬಿಡ್ರಿ. ನನ್ ಮಗಳು ನೀರಿಗಿ ಕಷ್ಟ ಪಡಂಗಿಲ್ಲ" ಎಂದರು. ನಾನು ಅವರ ಕೈಗೆ ಬೆಲ್ಲ ಇಟ್ಟೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನಿನ್ನ ಸಂಸ್ಥೆಯವರು ಬಂದರು. ತಮ್ಮ ಊರನ್ನು ತಾವೇ ಅಳೆಯಬಾರದೆಂಬ ನಿಯಮಕ್ಕೆ ನೀನು ಬರಲಿಲ್ಲ. ನಿಯಮ ಒಳ್ಳೆಯದೇ ಇರಬಹುದು, ಆದರೆ ಟಾಕಿಯ ಗುಟ್ಟು ಗೊತ್ತಿದ್ದವಳು ಪುಣೆಯಲ್ಲಿ ಕೂತಳು, ಗೊತ್ತಿಲ್ಲದವರು ಇಲ್ಲಿಗೆ ಬಂದರು. ಅದೂ ಹೇಳಿ ಕಳಿಸಿ ಬಂದರು! ಇಂಥ ದಿನ ಬರುತ್ತೇವೆ, ಇಂಥ ಓಣಿ, ಇಂಥ ಮನೆಗಳು ಎಂದು ಇಲ್ಲಿಯ ಕಾಲೇಜಿಗೆ ಮೊದಲೇ ತಿಳಿಸಿದ್ದರು. ಕಾಲೇಜಿನ ಹುಡುಗರು ಗೋಡೆಗೆಲ್ಲ ಕೋಟೆಯ ಚಿತ್ರ ಬರೆದರು. ನಮ್ಮ ಮನೆಯೂ ಆರಿಸಿದ ಮನೆಗಳಲ್ಲಿ ಒಂದು. ಪ್ರಯಾಗಬಾಯಿ ಸೆರಗು ಸಿಕ್ಕಿಸಿಕೊಂಡು ಬಂದಳು.

"ಏ ಶಿವಕಾಂತಾ, ಪುಣೆದಿಂದ ಪಾವಣ್ಯಾರು ಬರಲಾಕತ್ಯಾರ. ನಿನ್ ಮಗಳ ಆಫೀಸಿನ ಮಂದಿ. ಅವರ ಮುಂದ ಇಲ್ಲ ಅಂದ್ರ ಓಣಿ ಮಾರಿ ಏನ್ ಉಳೀತದ? ಟಾಕಿ ತೊಳೆದಿಡು, ಬಾಕಿ ನಾ ನೋಡ್ಕೋತೀನಿ."

ಅವರು ನೆಂಟರಲ್ಲ, ಅಳೆಯಲು ಬರುವವರು, ಅವರ ಮುಂದೆ 'ಇಲ್ಲ' ಎಂದರೇ ಲಾಭ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಸ್ವಪ್ನಾ. ಹೊರಗಿನವರು ಬಂದು ನೀರಿನ ಬಗ್ಗೆ ಕೇಳುತ್ತಾರೆಂದರೆ ನಮಗೆ ಗೊತ್ತಿದ್ದದ್ದು ಒಂದೇ ರೀತಿ.

ಶುಭಂ ಎಂಬ ಹುಡುಗ ಬಂದ. ಒಳ್ಳೆಯ ಹುಡುಗ, ಚಪ್ಪಲಿ ಹೊರಗೆ ಬಿಟ್ಟು ಬಂದ. ಅವನಿಗೆ ಬೆಲ್ಲ, ನೀರು ಕೊಟ್ಟೆ. ಮತ್ತೆ ಕೈ ತೊಳೆಯಲು ನೀರು. ಅವನ ಡ್ರೈವರನಿಗೆ ಮುಖ ತೊಳೆಯಲು ಬಕೆಟ್ಟು ನೀರು. ಕಸ ಎಲ್ಲಿ ಹಾಕುತ್ತೀರಿ, ಸೊಳ್ಳೆ ಎಷ್ಟು, ಗಿಡ ಎಷ್ಟು ಎಂದೆಲ್ಲ ಕೇಳಿ ಕೊನೆಗೆ, "ಪಾಣಿ ಪುರತಂ ಕಾ, ಕಾಕು?" ಎಂದ, ನೀರು ಸಾಕಾಗುತ್ತದೆಯೇ ಎಂದು.

"ಪುರತಂ, ಪುರತಂ" ಎಂದೆ ನಾನು.

ಅಡುಗೆಮನೆಯ ಬಾಗಿಲಲ್ಲಿ ಯೋಗಿತಾ ನಿಂತಿದ್ದಳು. ಹೊಟ್ಟೆ ಆಗಲೇ ಕಾಣುತ್ತಿತ್ತು. ಮೆಲ್ಲಗೆ, "ನಾಹೀ ಪುರತ, ದಾದಾ" ಎಂದಳು. ಸಾಕಾಗುವುದಿಲ್ಲ, ಅಣ್ಣಾ. ಆ ಹುಡುಗ ತಲೆ ಎತ್ತಿ ಅವಳನ್ನು ನೋಡಿದ, ನನ್ನನ್ನು ನೋಡಿದ. ನಾನು ನಕ್ಕುಬಿಟ್ಟೆ. "ಅವಳು ಹೊಸ ಸೊಸೆ, ಅವಳಿಗೇನು ಗೊತ್ತು, ಬಾ ಟಾಕಿ ನೋಡು" ಎಂದು ಮುಚ್ಚಳ ಎತ್ತಿ ತೋರಿಸಿದೆ. ಕಂಠಮಟ್ಟ ತುಂಬಿತ್ತು. ಅವನು ಫೋಟೋ ತೆಗೆದುಕೊಂಡ. ಮನೆಯ ಯಜಮಾನಿಯ ಮಾತನ್ನೇ ಬರೆದುಕೊಳ್ಳಬೇಕಂತೆ, ಅದೂ ನಿಯಮ. ಬರೆದುಕೊಂಡು ಹೋದ.

ಸಂಜೆ ನೀರು ವಾಪಸು ಮಾಡುವ ಹೊತ್ತಿಗೆ ಕಡಿಮೆ ಬಿತ್ತು. ನೆಂಟರು ಕುಡಿದದ್ದು, ತೊಳೆದದ್ದು ಎಲ್ಲ ನಮ್ಮ ಲೆಕ್ಕಕ್ಕೇ ತಾನೇ? ಪ್ರಯಾಗಬಾಯಿ ಬಾಗಿಲಲ್ಲಿ ಖಾಲಿ ಕೊಡ ಹಿಡಿದು ನಿಂತಿದ್ದಳು. ಯೋಗಿತಾ ಇಳಿಜಾರಿನ ಕೆಳಗಿನ ಕೈಪಂಪಿಗೆ ಹೋಗಿ ತುಂಬಿಕೊಂಡು ಬಂದು ಕೊಟ್ಟಳು. ಬೇಡವೆನ್ನಬೇಕೆಂದು ನಾನು ಬಾಗಿಲವರೆಗೆ ಹೋದೆ, ಅಷ್ಟರಲ್ಲಿ ಅವಳು ಇಳಿದಾಗಿತ್ತು. ವಾಪಸು ಬಂದು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಕೇಳಿದಳು:

"ಅತ್ತಿ, ನಮ್ಮಪ್ಪ ಮನಿ ನೋಡಲಾಕ ಬಂದಾಗೂ ಹಿಂಗೇ ತುಂಬಿಸಿದ್ರೇನ್ರೀ?"

"ಎಲ್ಲಾರೂ ಮಾಡ್ತಾರವ್ವ" ಎಂದೆ.

"ಹೌದ್ರೀ" ಎಂದಳು. ಅವಳು ಒಂದು ಮಾತು ಬೈದಿದ್ದರೂ ನನಗೆ ಹಗುರಾಗುತ್ತಿತ್ತು. ಆಮೇಲೆ ಸಂಕ್ರಾಂತಿ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ದಾಳಿಂಬಕ್ಕೆ ಹೋದಳು. ತೊಟ್ಟಿಲಿಗೆ ಹಾಕುವ ದಿನ ನೀನೂ ಬಂದು ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಹೋದೆ.

ಅಂಕ ಬಂದವು. ಊರಿಗೆ ಫಲಕ ಬಂತು. ಕಡಿಮೆ ಅಂಕ ಬಂದ ಕಡೆಗೆ ಹೊಸ ಕೊಳವೆ ಮೊದಲು ಹಾಕುವುದೆಂದು ತೀರ್ಮಾನವಾಯಿತಂತೆ. ನಮ್ಮ ಓಣಿಗೆ ನೀರಿನಲ್ಲಿ ಪೂರ್ತಿ ಅಂಕ! ಕೊಳವೆ ರೈಲು ನಿಲ್ದಾಣದ ಆಚೆಯ ಬಡಾವಣೆಗೆ ಹೋಯಿತು. ಆ ಕಡೆ ಬೀರಪ್ಪನ ಒಕ್ಕಲಿನ ಕುರುಬರು ಬಹಳ. ಅಲ್ಲಿಂದ ಉಣ್ಣೆಯ ಕಂಬಳಿ ಮಾರಲು ಬರುವ ಅನುಸೂಯಾ ನಮ್ಮ ಕಟ್ಟೆಯ ಮೇಲೆ ಕೂತು ನಕ್ಕಳು. "ನಾವ್ ಇಲ್ಲ ಅಂದೆವು ಅಕ್ಕಾ, ನೀರ್ ಬಂದ್ವು. ನೀವ್ ಅದಾವ ಅಂದ್ರಿ, ಹೋದ್ವು." ನಾನು ಅವಳಿಗೆ ಚಹಾ ಕೊಟ್ಟೆ, ನೀರು ಅವಳೇ ತಂದಿದ್ದಳು.

ನಿನ್ನ ಫೋನು ಬಂದದ್ದು ಅದಕ್ಕೂ ಮೊದಲು, ಅಂಕ ಬಂದ ಹೊಸದರಲ್ಲಿ, ಯುಗಾದಿಯ ಮರುದಿನ. "ಅವ್ವಾ, ನಮ್ಮ ಓಣಿಗಿ ಹ್ಯಾಂಗ ಪೂರಾ ಅಂಕ ಬಂದಾವ? ಟಾಕಿ ತುಂಬಿಸಿದ್ರಿ, ಹೌದಲ್ಲೋ?" ಎಂದೆ ನೀನು. ಸಾಹೇಬರನ್ನು ಕೇಳಿದ್ದೀ. ಮನೆಯವರೇ 'ಮೊದಲು ಹೇಳಿದ್ದು ಸರಿಯಲ್ಲ' ಎಂದು ಬರೆದುಕೊಟ್ಟರೆ ಮತ್ತೆ ಬಂದು ನೋಡುತ್ತಾರೆ, ಒಂದು ತಿಂಗಳು ಅವಕಾಶ ಇದೆ ಎಂದೆ. ನೀನು ಎಷ್ಟು ಬೇಡಿಕೊಂಡೆ! ನಾನು ಪ್ರಯಾಗಬಾಯಿಯನ್ನು ಕೇಳಿದೆ. ಅವಳ ಮೊಮ್ಮಗ ಧೀರಜನಿಗೆ ನಿಲಂಗಾದ ಹೆಣ್ಣು ಗೊತ್ತಾಗುತ್ತಿತ್ತು. "ನೀರ್ ಇಲ್ಲ ಅಂತ ಸರಕಾರದಾಗ ಬರೆದು ಕೊಡ್ತಿ? ನಿನ್ ಮಗಂದು ಆಗ್ಯದ, ಹೌದು. ನಮ್ ಹುಡುಗರು ಏನ್ ಬ್ರಹ್ಮಚಾರಿ ಇರಬೇಕೇನ?" ಎಂದು ಅತ್ತಳು. ನನ್ನ ಟಾಕಿಗೆ ಅವಳ ನೀರು ಬಿದ್ದಿತ್ತು, ಅವಳ ಋಣ ನನ್ನ ಮೇಲಿತ್ತು. ನಿನಗೆ 'ಬರೆದುಕೊಡುವುದಿಲ್ಲ, ನಿನ್ನ ನೌಕರಿ ನೀನು ನೋಡಿಕೋ' ಎಂದೆ. ನೀನು ಫೋನು ಇಟ್ಟೆ.

ಈಗ ಕೇಳು. ಧೀರಜನ ಮದುವೆ ಮುರಿಯಿತು. ಹೆಣ್ಣಿನ ತಂದೆ ಬಂದು ಮುಚ್ಚಳ ಎತ್ತಿ ನೋಡಿ ತೃಪ್ತನಾಗಿ ಹೋಗಿದ್ದ. ವಾರ ಬಿಟ್ಟು ಹುಡುಗಿ ಗೆಳತಿಯ ಜೊತೆ ತಾನೇ ಬಂದಳು, ಕಾಲೇಜಿನ ಏನೋ ಕೆಲಸ ಎಂದು. ಚಹಾ ಕುಡಿದಳು. ಕಪ್ಪು ನಾನೇ ತೊಳೆಯುತ್ತೇನೆಂದು ಎದ್ದು ಹೋಗಿ ನಳ ತಿರುಗಿಸಿದಳು. ಅದು ಬುಸ್ ಎಂದು ಗಾಳಿ ಬಿಟ್ಟಿತು. ಹುಡುಗಿ ಕಪ್ಪನ್ನು ಹಾಗೇ ಇಟ್ಟು ಬಂದಳಂತೆ. ಇಷ್ಟು ವರ್ಷದಲ್ಲಿ ನಮ್ಮ ಓಣಿಯಲ್ಲಿ ನಳ ತಿರುಗಿಸಿ ನೋಡಿದ ಮೊದಲ ಹೆಣ್ಣು! ನಿನ್ನ ಸಂಸ್ಥೆಯವರಿಗೆ ಹೇಳು, ಅವಳನ್ನು ನೌಕರಿಗೆ ಇಟ್ಟುಕೊಳ್ಳಲಿ. ನಿನ್ನ ಅಪ್ಪ ಅಂದು ಉಣ್ಣುತ್ತಾ ಹೇಳಿದರು: "ಅಡತಿ ಒಳಗ ಚೀಲದ ಬಾಯಿ ಕಾಳ್ ಯಾರ್ ನೋಡ್ತಾರ? ಮೊನಿ ಚುಚ್ಚಿ ನಡುವಿನ ಕಾಳ್ ತಗೀತಾರ. ನಿನ್ ಮಗಳ ಮಂದಿ ಬಾಯಿ ನೋಡಿ ಹೋಗ್ಯಾರ." ನಾನು ಹೇಳಿದೆ, ಬಾಯಿಯ ಕಾಳನ್ನು ಆರಿಸಿ ಇಟ್ಟವರು ನಾವಲ್ಲವೇ ಎಂದು. ಅವರು ಎದ್ದು ಕೈ ತೊಳೆದರು, ಅರ್ಧ ತಂಬಿಗೆಯಲ್ಲಿ.

ನಿನ್ನ ಸಂಸ್ಥೆಯದು ತಪ್ಪೋ, ನಮ್ಮದು ತಪ್ಪೋ, ನಾನು ಬಹಳ ದಿನ ತೂಗಿ ನೋಡಿದೆ. ಹೇಳಿ ಬರುವುದು ಅವರ ತಪ್ಪು. ಯಜಮಾನಿಯ ಮಾತೊಂದನ್ನೇ ಬರೆದುಕೊಳ್ಳುವುದು ಅವರ ತಪ್ಪು. 'ಸಾಕಾಗುತ್ತದೆಯೇ' ಎಂದು ಯಾರಾದರೂ ಕೇಳುತ್ತಾರೆಯೇ? ಊಟಕ್ಕೆ ಕೂತವನನ್ನು 'ಹೊಟ್ಟೆ ತುಂಬಿತೇ' ಎಂದು ಕೇಳಿದರೆ ಖಾಲಿ ಹೊಟ್ಟೆಯವನೂ 'ತುಂಬಿತು' ಅನ್ನುತ್ತಾನೆ. ನಿನ್ನೆ ಬಟ್ಟೆ ಎಲ್ಲಿ ಒಗೆದಿರಿ, ಯಾರು ಹೊತ್ತು ತಂದರು ಎಂದು ಕೇಳಿದ್ದರೆ ನನ್ನ ಬಾಯಿಂದಲೇ ಖರೆ ಬರುತ್ತಿತ್ತು. ಮುಂದೆ ನೀನು ಯಾವ ಊರಿಗೆ ಹೋದರೂ ಬಾಗಿಲ ಹಿಂದೆ ನಿಂತವಳನ್ನು ಕೇಳು. ಆದರೆ ಅವಳನ್ನು ಸುಮ್ಮನಾಗಿಸಿದವರು ಸಂಸ್ಥೆಯವರಲ್ಲ. ಅದು ಮಾತ್ರ ನನ್ನ ಪಾಲಿಗೆ ಬರುತ್ತದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಕಾಶದ ತಿಂಗಳು ಕಳೆದುಹೋಗಿದೆ ಎಂದು ನನಗೆ ಗೊತ್ತು. ಮತ್ತೆ ಅಳೆಯುವುದು ಮೂರು ವರ್ಷಕ್ಕೆ ಎಂದು ನೀನೇ ಹೇಳಿದ್ದೀ. ಆದರೂ ಈ ಪತ್ರವನ್ನು ನನ್ನ ಹೆಸರಿನ ಮೇಲೆ ನಿನ್ನ ಸಾಹೇಬರಿಗೆ ಕೊಡು. ಪ್ರಯಾಗಬಾಯಿಗೆ ಹೇಳಿಯೇ ಬರೆಯುತ್ತಿದ್ದೇನೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ, "ಬರಿ" ಎಂದಳು ಅಷ್ಟೇ. ಕೊಳವೆ ಬರುತ್ತದೆಂದು ನನಗೇನೂ ಆಸೆಯಿಲ್ಲ. ಯೋಗಿತಾ ಹೇಳಿದ ಒಂದು ಮಾತಿತ್ತಲ್ಲ, 'ನಾಹೀ ಪುರತ', ಅದನ್ನು ಎಲ್ಲಾದರೂ ಬರೆದಿಡಲಿ.

ಅವಳು ಇನ್ನೂ ದಾಳಿಂಬದಲ್ಲೇ ಇದ್ದಾಳೆ. ಬಿಸಿಲಿದೆ, ಕೂಸಿಗೆ ಆಗುವುದಿಲ್ಲ ಎಂದು ನಿನಗೆ ಫೋನಿನಲ್ಲಿ ಹೇಳಿದ್ದೆ. ಬಿಸಿಲು ಹೋಗಿ ಮಳೆ ಬಂದು ಶ್ರಾವಣವೂ ಬಂತು. ಐದನೆಯ ತಿಂಗಳಿಗೆ ತೊಟ್ಟಿಲು ಸಮೇತ ಕರೆದುಕೊಂಡು ಬರುವುದು ಪದ್ಧತಿ. ಶೈಲೇಶ ಭಾನುವಾರ ಭಾನುವಾರ ಹೋಗಿ ಬರುತ್ತಾನೆ. ಹೋದ ವಾರ ಚಪ್ಪಲಿ ಬಿಡುತ್ತಾ, "ನಳಕ್ಕ ನೀರ್ ಬಂದ ಮ್ಯಾಲೆ ಬರ್ತೀನಿ ಅಂತಾಳವ್ವ ಆಕಿ" ಎಂದ. ಸಿಟ್ಟಿನಿಂದ ಹೇಳಿದಳೇ ಎಂದು ಕೇಳಿದೆ. "ಇಲ್ಲ, ನಕ್ಕೋತ ಹೇಳಿದ್ಳು" ಎಂದ. ಅವನ ಮುಖ ನೋಡಲಾಗುವುದಿಲ್ಲ ಸ್ವಪ್ನಾ. ಒಂದು ಕಡೆ ಕೂಸು, ಒಂದು ಕಡೆ ನಾವು.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಪುಣೆಯ ಮಳೆಯಲ್ಲಿ ನೆನೆಯಬೇಡ. ಖರೆ ಹೇಳಿ ಅವ್ವನ ಕೈಲಿ ಬೈಸಿಕೊಂಡೆಯೆಂದು ಮುಂದೆ ಖರೆ ಹೇಳುವುದನ್ನು ಬಿಡಬೇಡ. ಬಸವಣ್ಣ ನಿನ್ನನ್ನು ನೂರು ವರ್ಷ ಇಡಲಿ, ನಿನ್ನ ಕೊಡ ಯಾವತ್ತೂ ತುಂಬಿರಲಿ, ಅದೂ ನಿನ್ನದೇ ನೀರಿನಿಂದ.

ಇತಿ ನಿನ್ನ ಅವ್ವ,
ಶಿವಕಾಂತಾ

ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ, ಅದಕ್ಕೇ ಕೆಳಗೆ ಬರೆಯುತ್ತಿದ್ದೇನೆ: ಮೊನ್ನೆ ಗುರುವಾರ ಯಾರಿಗೂ ಹೇಳದೆ ನಾನೊಬ್ಬಳೇ ದಾಳಿಂಬಕ್ಕೆ ಹೋಗಿದ್ದೆ. ನಿಲಂಗಾದಲ್ಲಿ ಬಸ್ಸು ಬದಲಿಸಿ, ಉಮರ್ಗಾದಿಂದ ಆಟೋದಲ್ಲಿ ಏಳೆಂಟು ಮಂದಿಯ ನಡುವೆ ಅಂಟಿನುಂಡೆಯ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು. ನನ್ನನ್ನು ಕಂಡ ಕೂಡಲೇ ಯೋಗಿತಾ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಕಾಲಿಗೆ ನೀರು ಕೊಟ್ಟಳು, ಅದೂ ಬಕೆಟ್ಟಿನ ತುಂಬ. ಚಾಪೆ ಹಾಸಿದಳು. "ಬರ್ರಿ ಅತ್ತಿ, ಕೂಡ್ರಿ. ದಾರಿ ಆರಾಮ ಆಯ್ತೇನ್ರೀ?" ಎಂದು ತಟ್ಟೆಯಲ್ಲಿ ಬೆಲ್ಲ, ಬೆಳಗಿದ ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟಳು. ನಮ್ಮ ಮನೆಯಲ್ಲಿ ಒಂದು ದಿನವೂ ಅವಳು ನನಗೆ ಬೆಲ್ಲ ಇಟ್ಟವಳಲ್ಲ, ಒಂದೇ ತಟ್ಟೆಯಲ್ಲಿ ಉಂಡವರು ನಾವು. ಒಳಗೆ ಕೂಸು ಒಂದೇ ಸಮನೆ ಅಳುತ್ತಿತ್ತು, ಹಸಿವಿನ ಅಳು, ಎರಡು ಹೆತ್ತವಳಿಗೆ ಅದು ತಿಳಿಯದೇ? ಅವಳು ಬಡವಾಗಿದ್ದಾಳೆ, ರೆಟ್ಟೆಯ ಬಳೆ ಮೊಣಕೈಗೆ ಇಳಿದಿದೆ. "ಕೂಸಿಗಿ ಹಾಲ್ ಸಾಕಾಗ್ತಾವೇನವ್ವ?" ಎಂದು ಕೇಳಿದೆ. ಅಡುಗೆಮನೆಯಲ್ಲಿ ಅವಳ ತಾಯಿ ಶಕುಂತಲಾಬಾಯಿ ಹಾಲಿನ ಪುಡಿ ಕದಡುವ ಚಮಚದ ಸಪ್ಪಳ ಕೇಳುತ್ತಿತ್ತು. ಯೋಗಿತಾ ನನ್ನ ಮುಖ ನೋಡಿ ನಕ್ಕಳು. "ಸಾಕಾಗ್ತಾವ್ರೀ ಅತ್ತಿ. ಎಲ್ಲಾ ಛಲೋ ಅದ" ಎಂದಳು. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದೆ.